6000 ವರ್ಷವೋ, 1380 ಕೋಟಿ ವರ್ಷವೋ?

ಸೃಷ್ಟಿವಾದಕ್ಕೂ ವಿಜ್ಞಾನಕ್ಕೂ ಜಗಳ ಎಂದ ಕೂಡಲೇ ದೇವರನ್ನು ನಂಬುವವರು ಒಂದು ಕಡೆ, ನಂಬದವರು ಇನ್ನೊಂದು ಕಡೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆ ಕಲ್ಪನೆಯನ್ನು ಮೊದಲು ಬದಿಗಿಡಿ. 1981ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯ ಒಂದು ಕಾನೂನು ಮಾಡಿತು: ಶಾಲೆಯಲ್ಲಿ ವಿಕಾಸವಾದ ಕಲಿಸಿದರೆ 'ಸೃಷ್ಟಿ ವಿಜ್ಞಾನ'ಕ್ಕೂ ಸಮಪಾಲು ಕೊಡಬೇಕು. ವಿಶ್ವ, ಶಕ್ತಿ, ಜೀವ ಎಲ್ಲವೂ ಏನೂ ಇಲ್ಲದ ಕಡೆಯಿಂದ ಹಠಾತ್ತನೆ ಸೃಷ್ಟಿಯಾದವು, ಭೂಮಿಗೆ ಹೆಚ್ಚು ವಯಸ್ಸಾಗಿಲ್ಲ ಎಂಬ ಮಾತುಗಳು ಆ ಕಾನೂನಿನಲ್ಲೇ ಇದ್ದವು. ಅದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ಒಬ್ಬ ಪಾದ್ರಿಯದು. ಮೆಥಡಿಸ್ಟ್, ಕ್ಯಾಥೊಲಿಕ್, ಎಪಿಸ್ಕೋಪಲ್ ಬಿಷಪ್ಪರೂ ಜೊತೆಗಿದ್ದರು. 1982ರ ಜನವರಿಯಲ್ಲಿ ನ್ಯಾಯಾಧೀಶ ವಿಲಿಯಂ ಓವರ್ಟನ್ ಕಾನೂನನ್ನು ರದ್ದು ಮಾಡಿದರು. ವಿಜ್ಞಾನದ ಮಾತು ಪರೀಕ್ಷೆಗೆ ಸಿಗಬೇಕು, ತಪ್ಪೆಂದು ಕಂಡರೆ ಬಿಟ್ಟುಕೊಡುವಂತಿರಬೇಕು ಎಂಬುದು ತೀರ್ಪಿನ ಮುಖ್ಯ ಅಂಶಗಳಲ್ಲಿ ಒಂದು.

ಸೃಷ್ಟಿವಾದಿಗಳೆಲ್ಲ ಒಂದೇ ಬಗೆಯವರಲ್ಲ. ಬೈಬಲ್ಲಿನ ಸೃಷ್ಟಿಕಥೆಯ ಆರು ದಿನಗಳಲ್ಲಿ ಒಂದೊಂದು ದಿನವೆಂದರೂ ಒಂದು ದೀರ್ಘ ಯುಗ ಎಂದು ಓದುವವರಿಗೆ ವಿಶ್ವದ ವಯಸ್ಸಿನ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆರು ದಿನ ಎಂದರೆ ಆರೇ ದಿನ ಎನ್ನುವವರದು. ವಿಶ್ವಕ್ಕೆ ಸುಮಾರು 6000 ವರ್ಷ ಎಂಬ ಅವರ ಲೆಕ್ಕಕ್ಕೆ ಹೆಸರಾದವರು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್. ಬೈಬಲ್ಲಿನ ವಂಶಾವಳಿಗಳನ್ನು ಪ್ರಾಚೀನ ರಾಜರ ಕಾಲದ ಜೊತೆ ಹೊಂದಿಸಿ, ಸೃಷ್ಟಿ ಆದದ್ದು ಕ್ರಿ.ಪೂ. 4004ರ ಅಕ್ಟೋಬರ್ 23ರಂದು ಎಂದು 1650ರಲ್ಲಿ ಬರೆದರು. ಇದನ್ನು ಕೇಳಿ ನಗುವವರಿದ್ದಾರೆ; ನಾನು ನಗುವುದಿಲ್ಲ. ಅವರ ಕಾಲದಲ್ಲಿ ಕೈಗೆ ಸಿಗುತ್ತಿದ್ದ ದಾಖಲೆಗಳಿಂದ ಅದು ಶ್ರದ್ಧೆಯ ಕೆಲಸವೇ. ಬೇರೆ ದಾಖಲೆಗಳು ಸಿಕ್ಕ ಮೇಲೂ ಅದಕ್ಕೇ ಜೋತುಬಿದ್ದರೆ ಮಾತು ಬೇರೆ.

ಅಂಥ ಒಂದು ದಾಖಲೆಯನ್ನು ಹತ್ತಿರದಿಂದ ನೋಡೋಣ. 1987ರ ಫೆಬ್ರವರಿಯಲ್ಲಿ ದಕ್ಷಿಣದ ಆಕಾಶದಲ್ಲಿ, ದೊಡ್ಡ ಮೆಜಲನಿಕ್ ಮೋಡ ಎಂಬ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ದುರ್ಬೀನೂ ಬೇಕಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಸಿಡಿಯುವ ಸಾವಿರಾರು ವರ್ಷ ಮೊದಲೇ ಆ ನಕ್ಷತ್ರ ಹೊರಚೆಲ್ಲಿದ್ದ ಅನಿಲ ಅದರ ಸುತ್ತ ಉಂಗುರದಂತೆ ನಿಂತಿತ್ತು. ಸ್ಫೋಟದ ಬೆಳಕು ಉಂಗುರಕ್ಕೆ ತಾಗಿ, ಉಂಗುರ ಪೂರ್ತಿಯಾಗಿ ಹೊಳೆದದ್ದು ನಮಗೆ ಕಾಣಲು ತಿಂಗಳುಗಳೇ ಹಿಡಿದವು. ಎಷ್ಟು ತಡವಾಯಿತು ಎಂಬುದರಿಂದ ಉಂಗುರದ ನಿಜವಾದ ಅಳತೆ ಸಿಕ್ಕಿತು. ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ದೂರದರ್ಶಕ ತೋರಿಸಿತು. ಇವೆರಡು ಗೊತ್ತಿದ್ದರೆ ಉಳಿದದ್ದು ಹೈಸ್ಕೂಲಿನ ತ್ರಿಕೋನಮಿತಿ. ದೂರ ಸುಮಾರು 1,68,000 ಜ್ಯೋತಿರ್ವರ್ಷ. ಅಂದರೆ ಆ ಬೆಳಕು ಹೊರಟದ್ದೇ ಅಷ್ಟು ವರ್ಷಗಳ ಹಿಂದೆ.

ಇದಕ್ಕೆ ಹಳೆಯ ಉತ್ತರವೊಂದಿದೆ: ದೇವರು ಬೆಳಕನ್ನು ಅರ್ಧದಾರಿಯಲ್ಲೇ ಸೃಷ್ಟಿಸಿದ. ಹಾಗಾದರೆ ನಾವು ಕಂಡ ಸ್ಫೋಟ ನಡೆದೇ ಇಲ್ಲ, ನಡೆದಂತೆ ತೋರಿಸಿದ್ದಷ್ಟೇ! ದೇವರ ಮೇಲೆ ಹೊರಿಸುವ ಮಾತೇ ಇದು? ಸೃಷ್ಟಿವಾದಿಗಳಲ್ಲೇ ಹಲವರು ಈ ಕಾರಣಕ್ಕೆ ಈ ವಾದವನ್ನು ಕೈಬಿಟ್ಟಿದ್ದಾರೆ. ಹಿಂದೆ ಪ್ರಕೃತಿಯ ನಿಯಮಗಳೇ ಬೇರೆ ಇದ್ದವು, ವಿಕಿರಣಶೀಲ ಧಾತುಗಳು ಹೆಚ್ಚು ವೇಗವಾಗಿ ಕ್ಷಯಿಸುತ್ತಿದ್ದವು ಎಂಬ ವಾದವೂ ಇದೆ. ಇದನ್ನು ಪರೀಕ್ಷಿಸಬಹುದು. ಸ್ಫೋಟದಲ್ಲಿ ಹುಟ್ಟಿದ ಕೋಬಾಲ್ಟ್-56 ಎಂಬ ವಿಕಿರಣಶೀಲ ಧಾತು ಪ್ರಯೋಗಾಲಯದಲ್ಲಿ ಸುಮಾರು 77 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಸ್ಫೋಟದ ಬೆಳಕು ತಿಂಗಳುಗಟ್ಟಲೆ ಮಂಕಾಗುತ್ತ ಹೋದದ್ದೂ ಇದೇ ಲೆಕ್ಕದಲ್ಲಿ. 1,68,000 ವರ್ಷದ ಹಿಂದೆಯೂ ನಿಯಮ ಬದಲಾಗಿರಲಿಲ್ಲ.

ಇನ್ನು ಇಡೀ ವಿಶ್ವದ ಕಥೆ ಹೇಳುವ ಮಹಾಸ್ಫೋಟ (ಬಿಗ್ ಬ್ಯಾಂಗ್) ಸಿದ್ಧಾಂತದ ಮಾತಿಗೆ ಬಂದರೆ, ಏನೂ ಇಲ್ಲದೆಡೆ ಎಲ್ಲವೂ ಹುಟ್ಟಿತು ಎಂದು ಅದು ಹೇಳುವುದೇ ಇಲ್ಲ. ಸುಮಾರು 1380 ಕೋಟಿ ವರ್ಷದ ಹಿಂದೆ ವಿಶ್ವ ಅತಿ ಬಿಸಿಯಾಗಿ, ಅತಿ ಸಾಂದ್ರವಾಗಿ ಇತ್ತು, ಅಲ್ಲಿಂದ ಹಿಗ್ಗುತ್ತ ತಣ್ಣಗಾಯಿತು ಎನ್ನುತ್ತದೆ, ಅಷ್ಟೇ. ಆ ಬಿಸಿಯ ಅವಶೇಷವಾಗಿ ಮಂದ ವಿಕಿರಣ ಉಳಿದಿರಬೇಕು ಎಂದು ಭೌತವಿಜ್ಞಾನಿಗಳಾದ ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಬರೆದಿದ್ದರು. 1965ರಲ್ಲಿ ರೇಡಿಯೋ ಖಗೋಳವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಅದನ್ನು ಪತ್ತೆಹಚ್ಚಿದ್ದು ಪ್ರಕಟವಾಯಿತು. ಆ ಬಿಸಿ ಸ್ಥಿತಿಗೂ ಮುಂಚೆ ಏನಿತ್ತು, ಏನಾದರೂ ಯಾಕೆ ಇದೆ ಎಂದರೆ ವಿಜ್ಞಾನದ ಬಳಿ ಉತ್ತರವಿಲ್ಲ.

ನಮ್ಮಲ್ಲಿ ಕೆಲವರು ಇಲ್ಲಿ ಕೈ ಎತ್ತುತ್ತಾರೆ: ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ನಮ್ಮವರಿಗೆ ಮೊದಲೇ ಗೊತ್ತಿತ್ತಲ್ಲ? ಪುರಾಣದ ಕಾಲಕಲ್ಪನೆ ಭವ್ಯವಾದದ್ದು, ಒಪ್ಪೋಣ. ಆದರೆ ಅದನ್ನು ಯಾರೂ ಕಲ್ಲು ಅಳೆದು ಪಡೆದದ್ದಲ್ಲ. ಇದಕ್ಕೆ ದಾಖಲೆ ಏನು ಎಂದು ಅಷರ್‌ಗೆ ಕೇಳುವ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಕು.

ಮೊದಲು ಬದಿಗಿಟ್ಟ ಆ ಕಲ್ಪನೆಗೆ ಮರಳೋಣ: ವಿಶ್ವಕ್ಕೆ ಆರಂಭವಿತ್ತು ಎಂಬ ವೈಜ್ಞಾನಿಕ ವಾದವನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲೆಮೈಟರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ತಮ್ಮ ಭಾಷಣದಲ್ಲಿ ಹೊಸ ಖಗೋಳವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿ ಎಂಬಂತೆ ಮಾತಾಡಿದರು. ಲೆಮೈಟರ್‌ಗೆ ಅದು ಹಿಡಿಸಲಿಲ್ಲ. ಅವರ ದೃಷ್ಟಿಯಲ್ಲಿ ಈ ಸಿದ್ಧಾಂತ ಧರ್ಮದ ಪ್ರಶ್ನೆಗಳ ಆಚೆ ಇರುವಂಥದ್ದು, ನಾಸ್ತಿಕನೂ ಒಪ್ಪಬಹುದು, ಆಸ್ತಿಕನೂ ಒಪ್ಪಬಹುದು. ಮರುವರ್ಷ ರೋಮ್‌ನಲ್ಲಿ ಸೇರಿದ್ದ ಖಗೋಳವಿಜ್ಞಾನಿಗಳ ಎದುರು ಮಾತಾಡಿದಾಗ ಪೋಪ್ ಆ ಸಾಕ್ಷಿಯ ಮಾತನ್ನು ಮತ್ತೆ ಎತ್ತಲಿಲ್ಲ.