ಚಿತ್ರಕ್ಕೆ ಕೈ ಉಳಿಸಿಕೋ

ನೋಡಮ್ಮ, ಬರುವ ವರ್ಷ ಒಬ್ಬಳದೇ ಪ್ರದರ್ಶನ ಇಡಬೇಕೆಂದಿದ್ದೆ, ಅಷ್ಟರಲ್ಲಿ ಈ ಕೀಲುವಾತ ಬಂದು ಕೂತಿತು, ಮಾಡಲೋ ಬಿಡಲೋ ಎಂದು ಕೇಳಿದ್ದೀಯ. ಮಾಡು. ಆದರೆ ನೀನು ಕಳಿಸಿದ ಪಟ್ಟಿ ನೋಡಿದೆ. ಅದರಲ್ಲಿರುವ ಮುಕ್ಕಾಲುಪಾಲು ಕೆಲಸ ನೀನು ಮಾಡುವಂಥದ್ದೇ ಅಲ್ಲ. ನಾನು ಚಿತ್ರ ಕಲಿಸಿದ ಮೇಷ್ಟ್ರು, ಡಾಕ್ಟರಲ್ಲ. ಮಾತ್ರೆ, ಇಂಜೆಕ್ಷನ್ನಿನ ವಿಷಯಕ್ಕೆ ಅವರ ಮಾತೇ ಮಾತು. ಬಣ್ಣ, ಫ್ರೇಮು, ಗ್ಯಾಲರಿ ಬಗ್ಗೆ ಮಾತ್ರ ನನಗೆ ತಿಳಿದದ್ದು ಹೇಳುತ್ತೇನೆ.

ನಿನ್ನ ಕಾಯಿಲೆಯ ಸುದ್ದಿ ಕೇಳಿದವರೆಲ್ಲ ಇನ್ನು ಮೇಲೆ ನಿನಗೆ ಚಿತ್ರಕಾರ ರೆನ್ವಾರ್ ಕಥೆ ಹೇಳುತ್ತಾರೆ, ತಯಾರಾಗಿರು. ಅವನಿಗೂ ಇದೇ ರುಮಟಾಯ್ಡ್ ಆರ್ಥ್ರೈಟಿಸ್. 1892ರ ಸುಮಾರಿಗೆ, ಐವತ್ತರ ಆಸುಪಾಸಿನಲ್ಲಿ ಶುರುವಾದದ್ದು, 1919ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಅವನೂ ಚಿತ್ರ ಬಿಡಲಿಲ್ಲ. ಕೈಗೆ ಕುಂಚ ಕಟ್ಟಿಸಿಕೊಂಡು ಬರೆದ ಮಹಾನುಭಾವ ಎಂದು ಹೇಳಿ ನಿನ್ನ ಬೆನ್ನು ತಟ್ಟುತ್ತಾರೆ. ಅವನ ಕೈಗೆ ಬಟ್ಟೆಪಟ್ಟಿ ಸುತ್ತುತ್ತಿದ್ದದ್ದು ನಿಜ. ಆದರೆ ಅದು ಕುಂಚ ಕಟ್ಟುವುದಕ್ಕಲ್ಲ, ಮಡಚಿಹೋದ ಬೆರಳು ಅಂಗೈಗೆ ಉಜ್ಜಿ ಚರ್ಮ ಸುಲಿಯದಿರಲಿ ಎಂದು. ಕುಂಚವನ್ನು ಪಕ್ಕದಲ್ಲಿದ್ದವರು ಬೆರಳಿನ ಸಂದಿಗೆ ಇಟ್ಟುಕೊಡುತ್ತಿದ್ದರು. ದೊಡ್ಡ ಕ್ಯಾನ್ವಾಸಿಗೆ ಉರುಳೆಗಳ ಏರ್ಪಾಟಿತ್ತು. ಅವನು ಕುರ್ಚಿಯಲ್ಲಿ ಕೂತಲ್ಲೇ ಕೂತಿರುತ್ತಿದ್ದ, ಕ್ಯಾನ್ವಾಸೇ ಅವನ ಮುಂದೆ ಸರಿದು ಬರುತ್ತಿತ್ತು. ಚಳಿ ಕಡಿಮೆಯಿರುವ ದಕ್ಷಿಣ ಫ್ರಾನ್ಸಿನ ಕಡಲ ಕಡೆಗೆ ಮನೆ ಬದಲಾಯಿಸಿದ. ಶಿಲ್ಪ ಮಾಡುವ ಆಸೆ ಬಂದಾಗ, 1913ರಲ್ಲಿ, ಗಿನೋ ಎಂಬ ಹುಡುಗ ಶಿಲ್ಪಿಯನ್ನು ಕೂರಿಸಿಕೊಂಡು, ಇಲ್ಲಿ ತೆಗೆ ಅಲ್ಲಿ ಹಾಕು ಎಂದು ಹೇಳಿ ಮಾಡಿಸಿದ. ಜನಕ್ಕೆ ಇದರಲ್ಲೆಲ್ಲ ಛಲ ಕಾಣುತ್ತದೆ. ನನಗೆ ಕಾಣುವುದು ಏರ್ಪಾಟು. ಛಲ ನಿನ್ನಲ್ಲಿ ಬೇಕಾದಷ್ಟಿದೆ, ಏರ್ಪಾಟು ಒಂದೂ ಇಲ್ಲ.

ಮತೀಸ್ ವಿಷಯವೂ ಅಷ್ಟೆ. 1941ರಲ್ಲಿ ಹೊಟ್ಟೆಗೆ ದೊಡ್ಡ ಆಪರೇಷನ್ ಆದ ಮೇಲೆ ಈಸಲ್ ಮುಂದೆ ನಿಲ್ಲುವ ಶಕ್ತಿ ಉಳಿಯಲಿಲ್ಲ. ಆಮೇಲೆ ಹೆಚ್ಚಾಗಿ ಬಣ್ಣದ ಕಾಗದ ಕತ್ತರಿಸಿಯೇ ಚಿತ್ರ ಮಾಡಿದ. ಕಾಗದಕ್ಕೆ ಬಣ್ಣ ಬಳಿಯುವುದು ಸಹಾಯಕರ ಕೆಲಸ, ಕತ್ತರಿಸುವುದು ಅವನದು, ಹೇಳಿದ ಜಾಗಕ್ಕೆ ಗೋಡೆಯ ಮೇಲೆ ಪಿನ್ನು ಚುಚ್ಚುವುದು ಮತ್ತೆ ಸಹಾಯಕರದು. ಕತ್ತರಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ ನೋಡು. ನಮ್ಮ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣಿನ ಆಪರೇಷನ್ ಕೈಕೊಟ್ಟು ಪೂರ್ತಿ ಕುರುಡರಾದಾಗ ಐವತ್ತು ದಾಟಿತ್ತು. ಆಮೇಲೆ ಅವರು ಕಾಗದ ಕತ್ತರಿಸಿ ಅಂಟಿಸುವ ಕೊಲಾಜಿಗೆ ಇಳಿದರು. 1972ರಲ್ಲಿ ಕಲಾಭವನದ ಗೋಡೆಗೆ ಟೈಲ್ಸಿನ ದೊಡ್ಡ ಭಿತ್ತಿಚಿತ್ರವನ್ನೇ ಮಾಡಿದರು. ಅದೇ ವರ್ಷ ಅವರ ಶಿಷ್ಯ ಸತ್ಯಜಿತ್ ರಾಯ್ ಅವರ ಮೇಲೊಂದು ಸಾಕ್ಷ್ಯಚಿತ್ರ ತೆಗೆದರು, ‘ದಿ ಇನ್ನರ್ ಐ’. ಅದನ್ನು ನೋಡು, ಕಣ್ಣೀರು ಹಾಕುವುದಕ್ಕಲ್ಲ, ಅವರ ಬೆರಳುಗಳನ್ನು ನೋಡುವುದಕ್ಕೆ.

ಈಗ ನಿನ್ನ ಕೋಣೆಗೆ ಬರೋಣ. ಬೆಳಿಗ್ಗೆ ಬೆರಳು ಬಿಗಿದುಕೊಂಡಿರುತ್ತದೆ, ಬಿಗಿತ ಬಿಡುವ ಹೊತ್ತಿಗೆ ಒಳ್ಳೆಯ ಬೆಳಕು ಹೋಗಿರುತ್ತದೆ ಎಂದು ಗೋಳಾಡುತ್ತೀಯ. ನಿನ್ನ ಕಿಟಕಿ ಇರುವುದು ಪೂರ್ವಕ್ಕೆ, ಅದಕ್ಕೇ ಈ ಗೋಳು. ಹಿತ್ತಿಲ ಕಡೆಯ ಕೋಣೆಗೆ ಉತ್ತರದ ಕಿಟಕಿ ಇದೆಯಲ್ಲ, ಅಲ್ಲಿಗೆ ಈಸಲ್ ಸಾಗಿಸು. ಉತ್ತರದ ಬೆಳಕು ಹಗಲೆಲ್ಲ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಹನ್ನೊಂದಕ್ಕೆ ಕೂತರೂ ನಷ್ಟವಿಲ್ಲ. ಬೆಳಗಿನ ಹೊತ್ತು ಬಿಸಿನೀರಿನಲ್ಲಿ ಕೈ ಆಡಿಸಿಕೊಂಡು, ನಿನ್ನೆ ಮಾಡಿದ್ದನ್ನು ಸುಮ್ಮನೆ ನೋಡುತ್ತಾ ಕೂರು. ನೋಡುವುದೂ ಕೆಲಸವೇ ಎಂದು ತರಗತಿಯಲ್ಲಿ ಬಾಯಿ ನೋಯುವಷ್ಟು ಹೇಳಿದ್ದೆ, ಆಗ ನೀವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ರಷ್ಷಿನ ಹಿಡಿ ದಪ್ಪ ಮಾಡಿಕೋ. ಸೈಕಲ್ ಅಂಗಡಿಯಲ್ಲಿ ಹ್ಯಾಂಡಲಿಗೆ ಹಾಕುವ ಸ್ಪಂಜಿನ ಗ್ರಿಪ್ ಸಿಗುತ್ತದೆ, ತುಂಡು ಮಾಡಿ ತೂರಿಸಿದರೆ ಬೆರಳು ಅಷ್ಟು ಬಿಗಿಯಾಗಿ ಹಿಡಿಯಬೇಕಾಗುವುದಿಲ್ಲ. ಟ್ಯೂಬಿನ ಮುಚ್ಚಳವನ್ನು ಬೆರಳಲ್ಲಿ ತಿರುಚಬೇಡ, ಇಕ್ಕಳ ಇಟ್ಟುಕೋ. ಕ್ಯಾನ್ವಾಸ್ ಎಳೆದು ಮೊಳೆ ಹೊಡೆಯುವ ಕೆಲಸವಂತೂ ಇವತ್ತಿಗೇ ಬಿಡು. ಆ ಎಳೆತದಲ್ಲಿ ಹೋಗುವ ಕೈ ಒಂದು ಚಿತ್ರಕ್ಕಾಗುತ್ತದೆ, ಕಟ್ಟಿದ ಕ್ಯಾನ್ವಾಸೇ ಕೊಂಡುಕೋ. ಇನ್ನು ಆಕ್ರಿಲಿಕ್. ಅದು ಅವಸರದ ಬಣ್ಣ, ತಟ್ಟೆಯಲ್ಲೇ ಒಣಗಿ ನಿನ್ನನ್ನು ಓಡಿಸುತ್ತದೆ. ಕೈ ಸೋತಾಗ ಅರ್ಧಕ್ಕೆ ಬಿಟ್ಟು ನಾಳೆ ಹಿಡಿದರೂ ಕಾಯುವ ಗುಣ ಎಣ್ಣೆಬಣ್ಣಕ್ಕಿದೆ. ಆದರೆ ಟರ್ಪೆಂಟೈನ್ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಕೂರಬೇಡ, ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ನಿನ್ನ ಹಳೆಯ ಚಾಳಿಯನ್ನೂ ಬಿಡು. ಕ್ಯಾಡ್ಮಿಯಂ, ಸೀಸ ಇರುವ ಬಣ್ಣಗಳು ಹೊಟ್ಟೆಗೆ ಹೋಗುವಂಥವಲ್ಲ. ಯಾವ ಬಣ್ಣ, ಯಾವ ಥಿನ್ನರ್ ಬಳಸುತ್ತೀಯ ಎಂದು ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸು. ಅವರಾಗಿ ಕೇಳುವುದಿಲ್ಲ.

ವಾರಕ್ಕೊಂದು ಸಲದ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಂಡ ಮಾರನೆ ದಿನ ಸುಸ್ತು, ವಾಕರಿಕೆ, ಬ್ರಷ್ ಮುಟ್ಟಲಾಗುವುದಿಲ್ಲ ಎಂದೆ. ಅದಕ್ಕೇ ಪ್ರದರ್ಶನದ ತಿಂಗಳು ಮಾತ್ರೆ ಬಿಟ್ಟರೆ ಹೇಗೆ ಎಂದೂ ಮೆಲ್ಲಗೆ ಸೇರಿಸಿದೆ. ಅದೊಂದು ಯೋಚನೆ ತಲೆಯಿಂದ ತೆಗೆದುಹಾಕು. ಮಾತ್ರೆ ತಗೊಳ್ಳುವ ದಿನ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳು, ರಕ್ತಪರೀಕ್ಷೆಯ ತಾರೀಕು ತಪ್ಪಿಸಬೇಡ. ಆ ಮಾರನೆ ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಅಡ್ಡಗೆರೆ ಎಳೆದು ರಜೆ ಮಾಡಿಕೋ. ವಾರಕ್ಕೆ ಏಳು ದಿನ ಎಂದು ಲೆಕ್ಕ ಹಾಕುವುದರಿಂದಲೇ ನಿನಗೆ ಹಿಂದೆ ಬಿದ್ದೆನೆಂಬ ಸಂಕಟ.

ಹಿಂದೆ ಬೀಳುವ ವರ್ಷಗಳೂ ಬರುತ್ತವೆ. ಪೌಲ್ ಕ್ಲೇಗೆ 1935ರಲ್ಲಿ ಚರ್ಮ, ಒಳಾಂಗ ಎಲ್ಲ ಬಿಗಿಯುವ ರೋಗ ಹತ್ತಿತು. ಮಾರನೆ ವರ್ಷ ಅವನು ಮಾಡಿದ ಕೃತಿಗಳು ಬರೀ 25ರ ಸುಮಾರು. 1939ರಲ್ಲಿ 1200ಕ್ಕೂ ಹೆಚ್ಚು! ರೋಗ ವಾಸಿಯಾಗಿರಲಿಲ್ಲ, 1940ರಲ್ಲಿ ತೀರಿಯೇ ಹೋದ. ಗೆರೆ ದಪ್ಪವಾಯಿತು, ಆಕಾರ ಸರಳವಾಯಿತು. ನೀನು ಮೈಸೂರು ಶೈಲಿಯ ಕೂದಲೆಳೆಯ ಗೆರೆಗೆ ಕೈ ಪಳಗಿಸಿಕೊಂಡವಳು, ಅದು ಇನ್ನು ಬರುವುದೋ ಇಲ್ಲವೋ ಎಂಬ ಹೆದರಿಕೆ ನಿನಗಿರುವುದು ನನಗೆ ಗೊತ್ತು. ಬರದೆಯೂ ಇರಬಹುದು. ದಪ್ಪ ಗೆರೆಯನ್ನು ಗುಟ್ಟಾಗಿ ಒಂದು ಪುಸ್ತಕದಲ್ಲಿ ಅಭ್ಯಾಸ ಮಾಡುತ್ತಿರು, ಯಾರಿಗೂ ತೋರಿಸಬೇಡ, ನನಗೂ ಬೇಡ.

ಪ್ರದರ್ಶನದ ಮಾತು. ಚಿತ್ರ ಬರೆಯುವುದು ಬೇರೆ, ಪ್ರದರ್ಶನ ಬೇರೆ, ಅದು ಮದುವೆಮನೆ ಕೆಲಸ. ಫ್ರೇಮಿನವನ ಹತ್ತಿರ ಓಡಾಟ, ಆಹ್ವಾನಪತ್ರಿಕೆ, ಟೆಂಪೋ, ಏಣಿ ಹತ್ತಿ ತೂಗುಹಾಕುವುದು, ಬಂದವರಿಗೆ ಕಾಫಿ. ಇದ್ಯಾವುದರಲ್ಲೂ ನಿನ್ನ ಕೈ ಬೇಡ. ತೂಗುಹಾಕಲು ಒಬ್ಬ ಹುಡುಗನಿಗೆ ದುಡ್ಡು ಕೊಟ್ಟು ಹೇಳು, ತಮ್ಮನನ್ನು ಬಿಟ್ಟಿಗೆ ದುಡಿಸಬೇಡ, ಎರಡನೇ ಸಲ ಅವನು ಫೋನ್ ಎತ್ತುವುದಿಲ್ಲ. ಕೊನೆಯ ಚಿತ್ರ ಮುಗಿಯುವ ದಿನ ಉದ್ಘಾಟನೆಗೆ ಒಂದು ತಿಂಗಳು ಮೊದಲೇ ಇರಲಿ. ಅಷ್ಟರಲ್ಲಿ ಮುಗಿಯದ್ದು ಮುಂದಿನ ಪ್ರದರ್ಶನಕ್ಕೆ. ಗೋಡೆ ಸ್ವಲ್ಪ ಖಾಲಿ ಕಂಡರೆ ಕಾಣಲಿ, ನಮ್ಮೂರಲ್ಲಿ ಎಲ್ಲರೂ ಗೋಡೆಯನ್ನು ಸೀರೆ ಅಂಗಡಿಯ ಹಾಗೆ ತುಂಬಿಸಿಬಿಡುತ್ತಾರೆ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಹಾಕಿಕೊಳ್ಳಲೇ ಎಂದಿದ್ದೀಯ. ಈ ಸಲ ಬೇಡ. ಕುಮಾರಕೃಪಾ ರಸ್ತೆಯ ಆ ಒಂದು ದಿನದ ಬಿಸಿಲು, ನೂಕುನುಗ್ಗಲು, ಬೆಳಗಿನ ಚಳಿಯಲ್ಲಿ ಸ್ಟಾಲ್ ಜೋಡಿಸುವುದು, ಗಟ್ಟಿಮುಟ್ಟಾದವರನ್ನೇ ವಾರ ಮಲಗಿಸುತ್ತದೆ. ನೋಡುವುದಕ್ಕೆ ಹೋಗು, ಟೊಪ್ಪಿ ಹಾಕಿಕೊಂಡು.

ಫ್ರಿದಾ ಕಾಹ್ಲೋ 1953ರಲ್ಲಿ ಮೆಕ್ಸಿಕೋ ನಗರದ ತನ್ನ ಪ್ರದರ್ಶನಕ್ಕೆ ಮಂಚವನ್ನು ಮೊದಲೇ ಕಳಿಸಿ, ತಾನು ಆಂಬುಲೆನ್ಸಿನಲ್ಲಿ ಬಂದು ಮಲಗಿದಳಲ್ಲ, ಆ ಕಥೆ ನಿನಗೆ ಬಹಳ ಇಷ್ಟ. ಆ ವರ್ಷವೇ ಕಾಲು ತೆಗೆದರು, ಮರುವರ್ಷ ಅವಳಿಲ್ಲ. ಅವಳಿಗೆ ಬೇರೆ ದಾರಿ ಇರಲಿಲ್ಲ, ನಿನಗಿದೆ. ಉದ್ಘಾಟನೆಗೆ ಒಂದು ಗಂಟೆ ಹೋಗು, ಒಳ್ಳೆಯ ಕುರ್ಚಿ ಹಾಕಿಸಿಕೊಂಡು ಕೂರು. ಬಂದ ದೊಡ್ಡವರೆಲ್ಲ ಕೈ ಕುಲುಕಲು ಬರುತ್ತಾರೆ, ಕೆಲವರು ಹಿಂಡಿಬಿಡುತ್ತಾರೆ. ಎರಡೂ ಕೈ ಜೋಡಿಸಿ ನಮಸ್ಕಾರ ಹೇಳು, ಅದರಲ್ಲಿ ಮರ್ಯಾದೆಯೂ ಹೆಚ್ಚು. ಪತ್ರಿಕೆಯವರು ಕಾಯಿಲೆಯ ಕಥೆ ಕೇಳಿದರೆ ಹೇಳುವುದು ಬಿಡುವುದು ನಿನ್ನಿಷ್ಟ. ಕ್ಯಾಟಲಾಗಿನಲ್ಲಿ ಮಾತ್ರ ಬರೆಸಬೇಡ. ಒಮ್ಮೆ ಬರೆಸಿದೆಯೋ, ನೀಲಿ ಹಾಕಿದರೆ ನೋವು ಅನ್ನುತ್ತಾರೆ, ಕೆಂಪು ಹಾಕಿದರೂ ನೋವು ಅನ್ನುತ್ತಾರೆ.

ತಾರೀಕು ಹಿಡಿಯುವಾಗ ಡಿಸೆಂಬರ್, ಜನವರಿ ಬಿಡು, ಚಳಿಗೆ ನಿನ್ನ ಕೈ ಹೆಚ್ಚು ಸತಾಯಿಸುತ್ತದೆ ಎಂದು ನೀನೇ ಹೇಳಿದ್ದೀಯ. ಫೆಬ್ರವರಿ ಕೊನೆಗೆ ಕೇಳು. ನೋವು ಕೆರಳಿದರೆ ತಾರೀಕು ಮುಂದಕ್ಕೆ ಹಾಕಲು ಒಪ್ಪುತ್ತಾರೆಯೇ, ಕಟ್ಟಿದ ಮುಂಗಡ ಏನಾಗುತ್ತದೆ ಎಂದು ಬರಹದಲ್ಲಿ ತಗೋ, ಬಾಯಿಮಾತು ಬೇಡ. ಗ್ಯಾಲರಿ ಮೊದಲನೇ ಮಹಡಿಯಲ್ಲಿದ್ದರೆ ಲಿಫ್ಟ್ ಇದೆಯೇ ಕೇಳು, ಇದೆ ಎಂದರೆ ಅದು ನಡೆಯುತ್ತದೆಯೇ ಎಂದೂ ಕೇಳು.