ತಾಯಿಯ ಕೈ ಅರಿಷಿಣ ಅಶುಭವೇ?

ಪ್ರಶ್ನೆ: ನಮ್ಮ ಮೂಲ ಊರು ಹಿರೇಕೆರೂರು ತಾಲ್ಲೂಕಿನ ಅಬಲೂರು. ಈಗ ಹುಬ್ಬಳ್ಳಿಯಲ್ಲಿದ್ದೇವೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ದಿನಕರ್ಮ ಮುಗಿದ ಮೇಲೆ ಬಂಧುಗಳು ನಮ್ಮ ಮನಿ ಕಡೆ ಹಾಯುವುದನ್ನೇ ಬಿಟ್ಟರು. ಪಕ್ಕದ ಮನಿಯ ಕ್ರೈಸ್ತ ಬಾಯಿಯವರು ಮಾತ್ರ ಸಂಜೆ ಬಂದು ಕೂಡುತ್ತಾರೆ, ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಮನಸ್ಸು ಹಗುರಾಗುತ್ತದೆ. ಇದು ಮನೆದೇವರಿಗೆ ಅಪಚಾರವೇ? ಮುಂದಿನ ತಿಂಗಳು ಮಗನ ಮದುವೆ. ಅರಿಷಿಣ ಹಚ್ಚುವಾಗ ‘ನೀವು ಒಳಗಿರ್ರಿ’ ಅಂದಿದ್ದಾರೆ. ಶಾಸ್ತ್ರ ಏನು ಹೇಳುತ್ತದೆ?
— ಓದುಗರು, ಹುಬ್ಬಳ್ಳಿ

ಉತ್ತರ: ತಾಯಿ, ಅಪಚಾರವೇನೂ ಇಲ್ಲ. ನಿಮ್ಮವರು ಬಾರದಿದ್ದಾಗ ಬಂದು ಕೂತವರ ಉಪಕಾರ ಮರೆಯುವುದೇ ಅಪಚಾರ.

ಆ ಬಾಯಿಯವರು ಹಾಗೆ ಬರುವುದಕ್ಕೆ ಅವರ ಧರ್ಮದಲ್ಲಿ ಕಾರಣವಿದೆ. ಯೇಸುವನ್ನು ಅವನು ಬೆಳೆದ ನಜರೇತಿನ ಜನರೇ ಊರಾಚೆ ಅಟ್ಟಿದರು ಎಂದು ಲೂಕನ ಸುವಾರ್ತೆ ಹೇಳುತ್ತದೆ. ಅದೇ ಗ್ರಂಥದಲ್ಲಿ ನಾಯಿನೆಂಬ ಊರಿನ ವಿಧವೆಯ ಕಥೆಯಿದೆ. ಒಬ್ಬನೇ ಮಗನ ಶವದ ಹಿಂದೆ ಅಳುತ್ತ ಹೊರಟವಳನ್ನು ಕಂಡು ಯೇಸು, ಆಕೆ ಬೇಡುವ ಮೊದಲೇ ಮರುಗಿ, ಮಗನನ್ನು ಎಬ್ಬಿಸಿ ತಾಯಿಗೆ ಒಪ್ಪಿಸಿದ. ತಿರಸ್ಕಾರ ಉಂಡ ದೇವರು ತಿರಸ್ಕೃತರ ಪಕ್ಕದಲ್ಲೇ ಇರುತ್ತಾನೆ ಎಂಬುದು ಕ್ರೈಸ್ತರ ನಂಬಿಕೆ. ಒಂಟಿಯಾದವರ ಮನೆಗೆ ಅವರು ಹೋಗುವುದು ಆ ನಂಬಿಕೆಯಿಂದಲೇ. ಅವರ ಪ್ರಾರ್ಥನೆಯಲ್ಲಿ ನೀವು ಕೂತರೆ ದೇವರ ಮನೆಯ ದೀಪ ಮುನಿಯುವುದಿಲ್ಲ. ಮತ ಬಿಡುವುದು, ಹಿಡಿಯುವುದು ಬೇರೆ ಮಾತು. ಅದಕ್ಕೆ ಬಂಧುಗಳೂ ಅವಸರ ಮಾಡಬಾರದು, ನೆರೆಯವರೂ ಅವಸರ ಮಾಡಬಾರದು.

ನಿಮ್ಮ ಊರಿನ ಸರ್ವಜ್ಞನನ್ನೇ ನೆನೆಯಿರಿ. ತಾಯಿ ಕುಂಬಾರ ಮಾಳಿ, ತಂದೆ ಮಾಸೂರಿನ ಬಸವರಸ ಎಂದು ಪ್ರತೀತಿ. ಎಳವೆಯಲ್ಲೇ ಮನೆ ಬಿಟ್ಟು ಊರೂರು ತಿರಿದುಂಡವನ ತ್ರಿಪದಿ ಇಂದು ಪ್ರತಿ ಕನ್ನಡದ ಮನೆಯಲ್ಲಿದೆ. 2009ರಲ್ಲಿ ದೂರದ ಚೆನ್ನೈಯಲ್ಲೂ ಅವನ ಪ್ರತಿಮೆ ನಿಂತಿತು. ಕರೆಯದವರು ಕರೆಯದಿದ್ದರೆ ಬಾಳು ಮುಗಿಯುವುದಿಲ್ಲ.

ಇನ್ನು ಮದುವೆಯ ಮಾತು. ವೈದಿಕ ವಿವಾಹದ ಮುಖ್ಯ ಅಂಗಗಳು ಕನ್ಯಾದಾನ, ಪಾಣಿಗ್ರಹಣ, ಲಾಜಹೋಮ, ಸಪ್ತಪದಿ. ಅರಿಷಿಣ ಹಚ್ಚುವುದು, ಸುರಗಿ ಸುತ್ತುವುದು ದೇಶಾಚಾರ, ಮನೆತನದ ಪದ್ಧತಿ. ಹಿರಿಯರು ಮಾಡಿದ ಪದ್ಧತಿಯನ್ನು ಹಿರಿಯರೇ ತಿದ್ದಬಹುದು. ನಾಂದಿ ಮಾಡುವ ಮನೆಗಳಲ್ಲಿ ಮಾತೃವರ್ಗವನ್ನು, ಅಂದರೆ ತಾಯಿ, ಅಜ್ಜಿ, ಮುತ್ತಜ್ಜಿಯರ ಸಾಲನ್ನು ಆಹ್ವಾನಿಸುತ್ತಾರೆ. ಅಗಲಿದ ತಾಯಂದಿರನ್ನು ಶುಭಕ್ಕೆ ಕರೆದು, ಕಣ್ಣೆದುರಿನ ತಾಯಿಯನ್ನು ಒಳಗೆ ಕೂಡಿಸುವುದು ಯಾವ ನ್ಯಾಯ? ತೈತ್ತಿರೀಯ ಉಪನಿಷತ್ತು ವಿದ್ಯೆ ಮುಗಿಸಿದ ಶಿಷ್ಯನಿಗೆ ತಾಯಿಯನ್ನು ದೇವರೆಂದು ಕಾಣಲು ಹೇಳುತ್ತದೆ. ಅಲ್ಲಿ ‘ಮುತ್ತೈದೆಯಾದರೆ ಮಾತ್ರ’ ಎಂಬ ಷರತ್ತು ಇಲ್ಲ.

ಹೀಗೆ ಮಾಡಿರಿ. ಮಾತನಾಡಬೇಕಾದವನು ನಿಮ್ಮ ಮಗ. ಪುರೋಹಿತರಿಗೂ ಮನೆಯ ಹಿರಿಯರಿಗೂ ಒಂದು ವಾರ ಮೊದಲೇ ಅವನು ತಿಳಿಸಲಿ. ಅಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಮೊದಲ ಅರಿಷಿಣ ನಿಮ್ಮ ಕೈಯಿಂದಲೇ ಹಚ್ಚಿಸಿಕೊಳ್ಳಲಿ. ಆಮೇಲೆ ಉಳಿದ ಮುತ್ತೈದೆಯರು ಹಚ್ಚಲಿ. ಮಂಟಪ ಏರುವ ಮುನ್ನ ನಿಮಗೆ ನಮಸ್ಕರಿಸಿ ಅಕ್ಷತೆ ಹಾಕಿಸಿಕೊಳ್ಳಲಿ. ಯಾರಾದರೂ ತಕರಾರು ತೆಗೆದರೆ ಮದುವೆ ಮನೆಯಲ್ಲಿ ಜಗಳ ಬೇಡ. ಆದರೆ ನೀವು ಎದ್ದು ಅಡುಗೆ ಮನೆಗೂ ಹೋಗಬೇಡಿರಿ. ಮುಂದಿನ ಸಾಲಿನಲ್ಲೇ ಕೂಡಿರಿ. ಪಕ್ಕದ ಮನಿಯ ಬಾಯಿಯವರನ್ನೂ ಕರೆದು ಜೊತೆಗೆ ಕೂಡಿಸಿಕೊಳ್ಳಿರಿ.

ಮದುವೆ ಮುಗಿದ ಮೇಲೆ ಇನ್ನೊಂದು ಕೆಲಸವಿದೆ. ನಿಮ್ಮ ಓಣಿಯಲ್ಲೂ ಯಾರೂ ಹಾಯದ ಮನೆ ಒಂದಿರುತ್ತದೆ. ಒಂದು ಸಂಜೆ ಅಲ್ಲಿಗೆ ಹೋಗಿ ಕೂತು ಬನ್ನಿರಿ. ಮಗನಿಗೆ ಶುಭವಾಗಲಿ.