ತೊಗರಿ ರಾಶಿ ಮಾಡುವ ಟ್ರ್ಯಾಕ್ಟರ್ ಯಂತ್ರ: ಅಪಾಯವಿಲ್ಲದಂತೆ ಅದನ್ನು ನಡೆಸುವ ಮತ್ತು ಕಾಪಾಡುವ ಕ್ರಮ

ಕಲಬುರಗಿ ಸೀಮೆಯ ಕಪ್ಪು ನೆಲದಲ್ಲಿ ತೊಗರಿಯೇ ಮುಖ್ಯವಾದ ಬೆಳೆಯೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಇಲ್ಲಿಯ ತೊಗರಿಬೇಳೆಗೆ 2019ನೆಯ ಇಸವಿಯಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆಯು ಡಿಸೆಂಬರ್ ಜನವರಿ ತಿಂಗಳುಗಳಲ್ಲಿ ಕೊಯ್ಲಿಗೆ ಬಂದು, ಕಲಬುರಗಿಯ ಸುತ್ತಣ ಹಳ್ಳಿಗಳಲ್ಲಿಯೂ ಕಮಲಾಪುರದ ಕಡೆಯ ಹೊಲಗಳಲ್ಲಿಯೂ ಏಕಕಾಲಕ್ಕೆ ರಾಶಿಯ ಕೆಲಸ ಆರಂಭವಾಗುತ್ತದೆ. ಹಿಂದೆ ಈ ಕೆಲಸವನ್ನು ಕಣದಲ್ಲಿ ಬಡಿಗೆಯಿಂದ ಬಡಿದಾಗಲಿ, ಎತ್ತುಗಳಿಂದ ಹಂತಿ ಹೊಡೆದಾಗಲಿ ಮಾಡುತ್ತಿದ್ದರು. ಅದಕ್ಕೆ ಹಲವು ದಿನಗಳು ಹಿಡಿಯುತ್ತಿದ್ದುವು. ಈಗ ಟ್ರ್ಯಾಕ್ಟರಿಗೆ ಜೋಡಿಸಿದ ರಾಶಿಯಂತ್ರವು ಅದೇ ಕೆಲಸವನ್ನು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ. ಇದು ಒಕ್ಕಲುಮಕ್ಕಳಿಗೆ ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಬಡಿಗೆಯ ಪೆಟ್ಟು ತಪ್ಪಿದರೆ ಬೆರಳು ಬಾತುಕೊಳ್ಳುತ್ತಿತ್ತು. ಯಂತ್ರದ ಮುಂದೆ ಎಚ್ಚರ ತಪ್ಪಿದರೆ ಕೈಯೇ ಹೋಗುತ್ತದೆ. ಹಾಗೆ ಕೈ ಕಳೆದುಕೊಳ್ಳುವವರು ಬಹುಮಟ್ಟಿಗೆ ಕೂಲಿಯಾಳುಗಳು. ಕೂಲಿಯವನಿಗೆ ಕೈಯೇ ಹೊಲ, ಕೈಯೇ ಎತ್ತು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ಯಂತ್ರದ ಸ್ವಭಾವವನ್ನು ತಾವೇ ತಿಳಿದುಕೊಂಡಿರುವುದು ಅವಶ್ಯಕ. ಯಂತ್ರವು ಬಾಡಿಗೆಯದು, ನಡೆಸುವವನು ಬೇರೊಬ್ಬನು, ನಮಗೇನು ಎಂದು ಸುಮ್ಮನಿರುವುದು ತರವಲ್ಲ.

1. ಯಂತ್ರದ ಅಂಗಗಳು

ಟ್ರ್ಯಾಕ್ಟರಿನ ಹಿಂಭಾಗದಿಂದ ಹೊರಟು ಯಂತ್ರಕ್ಕೆ ಶಕ್ತಿಯನ್ನು ಒಯ್ಯುವ ತಿರುಗುದಂಡವನ್ನು ಚಾಲಕರು ಪಿ.ಟಿ.ಓ. ದಂಡವೆಂದು ಕರೆಯುತ್ತಾರೆ. ಇದು ಯಂತ್ರದೊಳಗಿನ ಉರುಳೆಯನ್ನು ತಿರುಗಿಸುತ್ತದೆ. ಉರುಳೆಯ ಮೈಮೇಲಿನ ಉಕ್ಕಿನ ಮೊಳೆಗಳು ತೊಗರಿಯ ಸೂಡನ್ನು ಕೆಳಗಿನ ಜಾಲರಿಗೆ ಬಡಿದು ಕಾಯಿಯಿಂದ ಕಾಳನ್ನು ಬಿಡಿಸುತ್ತವೆ. ಕಾಳು ಜಾಲರಿಯ ಸಂದಿನಿಂದ ಜರಡಿಗೆ ಬೀಳುತ್ತದೆ. ಗಾಳಿಯ ಚಕ್ರವು ಹೊಟ್ಟನ್ನು ದೂರಕ್ಕೆ ಎಸೆಯುತ್ತದೆ. ಇವುಗಳಲ್ಲಿ ಮನುಷ್ಯನಿಗೆ ಅಪಾಯಕರವಾದವು ಮುಖ್ಯವಾಗಿ ಮೂರು: ತಿರುಗುದಂಡ, ಸೂಡು ಹಾಕುವ ಬಾಯಿ, ಮತ್ತು ಬೆಲ್ಟು ಓಡುವ ಗಾಲಿಗಳು.

2. ವೇಗದ ಲೆಕ್ಕ

ಸಾಮಾನ್ಯವಾಗಿ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ದಂಡದ ಸುತ್ತಳತೆಯು 25 ಸೆಂಟಿಮೀಟರ್ ಇದ್ದಲ್ಲಿ, ಅದಕ್ಕೆ ಸಿಕ್ಕಿದ ಬಟ್ಟೆಯು ಒಂದು ಸೆಕೆಂಡಿನಲ್ಲಿ 225 ಸೆಂಟಿಮೀಟರಿನಷ್ಟು ಸುತ್ತಿಕೊಳ್ಳುತ್ತದೆ. ಮನುಷ್ಯನು ಅಪಾಯವನ್ನು ಕಂಡು, ಅರಿತು, ಹಿಂದೆ ಸರಿಯಲು ಎಷ್ಟು ಚುರುಕಾದರೂ ಅರ್ಧ ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಅಷ್ಟರೊಳಗಾಗಿ ಒಂದು ಮೀಟರಿಗೂ ಹೆಚ್ಚು ಸೆರಗು ದಂಡಕ್ಕೆ ಸುತ್ತಿ, ಉಟ್ಟವಳು ಅದರ ಮೇಲೆ ಬಿದ್ದಿರುತ್ತಾಳೆ. “ಹುಷಾರಾಗಿದ್ದರೆ ಸಾಕು” ಎಂಬ ಮಾತು ಇಲ್ಲಿ ಸಲ್ಲದಿರುವುದು ಈ ಕಾರಣದಿಂದಲೇ. ಎಷ್ಟು ಹುಷಾರಾದವನಾದರೂ ಯಂತ್ರದಷ್ಟು ಬೇಗನಲ್ಲ. ಆದುದರಿಂದ ಬಟ್ಟೆಯೂ ಕೈಯೂ ಅದನ್ನು ಮುಟ್ಟಲಾರದ ಹಾಗೆ ಮೊದಲೇ ಏರ್ಪಾಡು ಮಾಡಿಡತಕ್ಕದ್ದು.

3. ಯಂತ್ರವು ಕಣಕ್ಕೆ ಬಂದಾಗ ನೋಡತಕ್ಕ ಸಂಗತಿಗಳು

ಜಮೀನುದಾರನ ಮಾತು ನಡೆಯುವ ಸಮಯವೆಂದರೆ ಯಂತ್ರವು ಚಾಲೂ ಆಗುವುದಕ್ಕೆ ಮುಂಚೆ. ಒಮ್ಮೆ ರಾಶಿ ಆರಂಭವಾಯಿತೆಂದರೆ ಯಾರೂ ನಿಲ್ಲಿಸಲೊಪ್ಪರು. ಆದುದರಿಂದ ಮೊದಲ ಸೂಡು ಒಳಗೆ ಹೋಗುವ ಮೊದಲು ಈ ಕೆಳಗಿನವುಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಮೊದಲನೆಯದಾಗಿ, ತಿರುಗುದಂಡದ ಮೇಲೆ ಉದ್ದಕ್ಕೂ ಹೊದಿಕೆಯ ಕೊಳವೆ ಇರಬೇಕು. ಅದು ದಂಡದೊಡನೆ ತಿರುಗದಂತೆ ಸರಪಳಿಯಿಂದ ಬಿಗಿದಿರಬೇಕು. ಒಡೆದ ಹೊದಿಕೆಗೆ ಗೋಣಿಚೀಲವನ್ನು ಸುತ್ತಿ ಕೆಲಸ ಸಾಗಿಸುವ ಪದ್ಧತಿಯು ಬಲು ಕೆಟ್ಟದ್ದು. ಆ ಗೋಣಿಯ ನಾರೇ ಬಟ್ಟೆಯನ್ನು ಹಿಡಿದೆಳೆಯುತ್ತದೆ.

ಎರಡನೆಯದಾಗಿ, ಸೂಡು ಹಾಕುವ ಬಾಯಿಗೆ ಸರಿಯಾದ ತೊಟ್ಟಿ ಇರಬೇಕು. ಸುರಕ್ಷಿತವಾದ ತೊಟ್ಟಿಯು 90 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉದ್ದವಿದ್ದು, ಉರುಳೆಯ ಕಡೆಯ 45 ಸೆಂಟಿಮೀಟರಿನಷ್ಟಾದರೂ ಮೇಲ್ಭಾಗದಲ್ಲಿ ಮುಚ್ಚಿರತಕ್ಕದ್ದು. ಈ ಅಳತೆಯ ಅರ್ಥ ಸರಳವಾಗಿದೆ: ಮನುಷ್ಯನು ತೋಳನ್ನು ಪೂರ್ತಿ ಚಾಚಿದರೂ ಬೆರಳು ಉರುಳೆಗೆ ತಾಗಬಾರದು. ಕೆಲಸ ಬೇಗ ಸಾಗಲೆಂದು ಕೆಲವರು ಮುಚ್ಚಳವನ್ನು ಕತ್ತರಿಸಿ ತೆಗೆಯುತ್ತಾರೆ. ಅಂಥ ಯಂತ್ರವನ್ನು ಕಣದಿಂದ ಹಿಂದಕ್ಕೆ ಕಳುಹಿಸುವುದೇ ಲೇಸು.

ಮೂರನೆಯದಾಗಿ, ಬೆಲ್ಟು ಮತ್ತು ಗಾಲಿಗಳಿಗೆ ತಂತಿಯ ಬಲೆಯ ಮುಚ್ಚಳವಿರಬೇಕು.

ನಾಲ್ಕನೆಯದಾಗಿ, ಸ್ಥಳವನ್ನು ಆರಿಸುವುದು. ನೆಲವು ಮಟ್ಟವಾಗಿದ್ದು, ಯಂತ್ರದ ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟಿರಬೇಕು. ವಿದ್ಯುತ್ ತಂತಿಯ ಕೆಳಗೆ ಯಂತ್ರ ನಿಲ್ಲಿಸಕೂಡದು. ಹೊಟ್ಟು ಗಾಳಿಯ ದಿಕ್ಕಿಗೇ ಹಾರಿಹೋಗುವಂತೆ ನಿಲ್ಲಿಸಿದರೆ ಕೆಲಸಗಾರರ ಕಣ್ಣು ಮೂಗುಗಳಿಗೆ ಧೂಳು ತುಂಬುವುದಿಲ್ಲ. ಟ್ರ್ಯಾಕ್ಟರಿನ ಹೊಗೆಕೊಳವೆಗೆ ಕಿಡಿ ತಡೆಯುವ ಸಾಧನವಿರಬೇಕು; ಬಣವಿಯು ಅದರಿಂದ ದೂರವಿರಬೇಕು; ಎರಡು ಪೀಪಾಯಿ ನೀರೂ ಒಂದಿಷ್ಟು ಮರಳೂ ಹತ್ತಿರವಿರಬೇಕು. ಕಣದಲ್ಲಿ ಬೀಡಿಯನ್ನು ಸಂಪೂರ್ಣವಾಗಿ ನಿಷೇಧಿಸತಕ್ಕದ್ದು.

4. ಕೆಲಸಗಾರರು

ಹೆಂಗಸರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಮೇಲೆ ಹಳೆಯ ಅಂಗಿಯೊಂದನ್ನು ತೊಟ್ಟುಕೊಳ್ಳುವುದು ಉತ್ತಮ. ತಲೆಗೂದಲನ್ನು ಗಂಟು ಹಾಕಿ ಬಟ್ಟೆ ಕಟ್ಟಬೇಕು. ಗಂಡಸರು ಹೆಗಲ ಮೇಲಿನ ರುಮಾಲನ್ನು ತೆಗೆದಿಟ್ಟು, ಧೋತರವನ್ನು ಬಿಗಿಯಾಗಿ ಕಚ್ಚೆ ಹಾಕಬೇಕು. ಸಡಿಲವಾದ ತೋಳು, ಕೈಕಡಗ, ಕೊರಳ ಸರ ಇವು ಯಾವುವೂ ಬಾಯಿಯ ಬಳಿ ಇರಕೂಡದು. ಮೂಗಿಗೆ ಬಟ್ಟೆ ಕಟ್ಟುವುದು ಹಿತಕರ. ಆದರೆ ಅದರ ತುದಿ ಜೋತುಬೀಳಬಾರದು.

ಸೂಡು ಹಾಕುವವನು ನಿಲ್ಲುವ ಅಟ್ಟವು ಅಲುಗಾಡದೆ ಇದ್ದು, ತೊಟ್ಟಿಯು ಅವನ ಮೊಣಕೈಯ ಮಟ್ಟಕ್ಕೆ ಬರುವಂತಿರಬೇಕು. ತುಂಬಿದ ಚೀಲಗಳ ಮೇಲೆ ನಿಂತು ಸೂಡು ಹಾಕುವವನು ಕಾಲು ಜಾರಿದರೆ ಮುಂದಕ್ಕೇ ಬೀಳುತ್ತಾನೆ. ಸೂಡನ್ನು ಕಾಯಿಯ ಕಡೆಯಿಂದ ತಳ್ಳಿ, ಉರುಳೆಯು ಹಿಡಿದ ಕೂಡಲೇ ಕೈ ಬಿಡತಕ್ಕದ್ದು. ತೊಗರಿಯ ಕಟ್ಟಿಗೆಯು ಗಟ್ಟಿಯಾದುದರಿಂದ ಕೈ ಬಿಡದವನನ್ನು ಕಟ್ಟಿಗೆಯೇ ಒಳಕ್ಕೆ ಎಳೆಯುತ್ತದೆ. ಸೂಡಿನೊಳಗೆ ಕುಡಗೋಲು, ಕಲ್ಲು, ತಂತಿ ಉಳಿದಿಲ್ಲವೆಂಬುದನ್ನು ಮೊದಲೇ ಒಬ್ಬನು ನೋಡಿಕೊಡಬೇಕು. ಉರುಳೆಗೆ ಸಿಕ್ಕಿದ ಕುಡಗೋಲು ಬಾಣದಂತೆ ಹೊರಬೀಳುವುದುಂಟು.

ಒಬ್ಬನೇ ಬಹಳ ಹೊತ್ತು ಸೂಡು ಹಾಕದೆ, ಸರದಿಯಂತೆ ಬದಲಾಯಿಸಬೇಕು. ಕುಡಿದವನನ್ನೂ ನಿದ್ದೆಗೆಟ್ಟವನನ್ನೂ ಮಕ್ಕಳನ್ನೂ ಹತ್ತಿರ ಬಿಡಕೂಡದು. ರಾತ್ರಿ ಕೆಲಸ ಅನಿವಾರ್ಯವಾದರೆ ಬಾಯಿಯ ಮೇಲೂ ದಂಡದ ಮೇಲೂ ಬೆಳಕು ಬೀಳುವಂತೆ ದೀಪಗಳಿರಬೇಕು. ಚಾಲಕನು ಟ್ರ್ಯಾಕ್ಟರನ್ನು ಬಿಟ್ಟು ಚಹಕ್ಕೆ ಹೋಗಬಾರದು. ಗದ್ದಲದಲ್ಲಿ ಕೂಗು ಕೇಳಿಸದಾದುದರಿಂದ ಎರಡೂ ಕೈಗಳನ್ನು ಮೇಲೆತ್ತಿದರೆ ಕೂಡಲೇ ನಿಲ್ಲಿಸತಕ್ಕದ್ದೆಂಬ ಸಂಜ್ಞೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

5. ಯಂತ್ರದ ಬಾಯಿ ಕಟ್ಟಿದಾಗ

ಸೂಡು ಹಸಿಯಾಗಿದ್ದರೆ ಅಥವಾ ಒಮ್ಮೆಗೇ ಹೆಚ್ಚು ಹಾಕಿದರೆ ಉರುಳೆಗೆ ಕಟ್ಟಿಗೆ ಸಿಕ್ಕಿ ಯಂತ್ರ ನಿಲ್ಲುವುದುಂಟು. ಆಗ ಟ್ರ್ಯಾಕ್ಟರು ಗುರುಗುಟ್ಟುತ್ತಿರುವಾಗಲೇ ಕೈ ಹಾಕಿ ಎಳೆಯುವವರಿದ್ದಾರೆ. ಸಿಕ್ಕು ಬಿಡುತ್ತಲೇ ಉರುಳೆ ಪೂರ್ಣ ವೇಗದಲ್ಲಿ ತಿರುಗುತ್ತದೆ. ಕೈ ಅಲ್ಲಿಯೇ ಇರುತ್ತದೆ. ಇದಕ್ಕೆ ಸರಿಯಾದ ಕ್ರಮವು ಹೀಗಿದೆ:

ಪಿ.ಟಿ.ಓ. ಬಿಡಿಸುವುದು, ಎಂಜಿನನ್ನು ನಿಲ್ಲಿಸುವುದು, ಚಾವಿಯನ್ನು ತೆಗೆದು, ಯಾರು ಒಳಗೆ ಕೈ ಹಾಕುವರೋ ಅವರ ಕಿಸೆಯಲ್ಲಿಯೇ ಇಡುವುದು, ಉರುಳೆಯೂ ಗಾಲಿಗಳೂ ಪೂರ್ತಿಯಾಗಿ ನಿಲ್ಲುವ ಪರ್ಯಂತರ ಕಾಯುವುದು, ಅನಂತರ ಮುಚ್ಚಳ ತೆರೆದು ಕಟ್ಟಿಗೆಯ ಕೋಲಿನಿಂದ ಸಿಕ್ಕನ್ನು ಬಿಡಿಸುವುದು. ಭಾರವಾದ ಗಾಲಿಯು ಎಂಜಿನು ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಸಿಕ್ಕಿಬಿದ್ದ ಉರುಳೆಯ ಬೆಲ್ಟಿನಲ್ಲಿ ಬಿಗಿತ ಉಳಿದಿದ್ದು, ಸಿಕ್ಕು ಬಿಟ್ಟೊಡನೆ ಉರುಳೆ ತಟ್ಟನೆ ಸರಿಯಬಹುದು. ಆದಕಾರಣ ನಿಂತ ಯಂತ್ರದಲ್ಲಿಯೂ ಕೋಲೇ ಮುಂದೆ, ಕೈ ಹಿಂದೆ. ಚಾವಿಯ ನಿಯಮವೊಂದನ್ನು ಊರಿನಲ್ಲಿ ತಪ್ಪದೆ ನಡೆಸಿದರೂ ಎಷ್ಟೋ ಕೈಗಳು ಉಳಿಯುವುವು.

6. ಕಾಳಿನ ಲಾಭನಷ್ಟ

ಯಂತ್ರವನ್ನು ಹದವಾಗಿ ನಡೆಸುವುದು ಜೀವಕ್ಕೆ ಮಾತ್ರವಲ್ಲದೆ ಕಾಳಿಗೂ ಹಿತ. ಆರಂಭದಲ್ಲಿ ಒಂದೆರಡು ಸೂಡು ಹಾಕಿ, ಬಂದ ಕಾಳನ್ನು ಬೊಗಸೆಯಲ್ಲಿ ಹಿಡಿದು ನೋಡಬೇಕು. ಒಡೆದ ಕಾಳು ಹೆಚ್ಚಾಗಿದ್ದರೆ ಉರುಳೆಯ ವೇಗ ಅಧಿಕವಾಗಿದೆ, ಇಲ್ಲವೆ ಜಾಲರಿಯು ತೀರ ಹತ್ತಿರವಾಗಿದೆ. ಕಾಯಿಗಳು ಬಿಡದೆ ಬರುತ್ತಿದ್ದರೆ ಸೂಡು ಒಣಗಿಲ್ಲ, ಇಲ್ಲವೆ ವೇಗ ಸಾಲದು. ಹೊಟ್ಟಿನ ಗುಡ್ಡೆಯಲ್ಲಿ ಕಾಳು ಕಂಡರೆ ಗಾಳಿಯನ್ನು ತಗ್ಗಿಸಬೇಕು. ಬಿತ್ತನೆಗೆ ಇಡುವ ಕಾಳನ್ನು ಕಡಿಮೆ ವೇಗದಲ್ಲಿ ಪ್ರತ್ಯೇಕವಾಗಿ ರಾಶಿ ಮಾಡುವುದು ಒಳ್ಳೆಯದು; ಒಳಗೆ ಬಿರುಕು ಬಿಟ್ಟ ಬೀಜವು ಸರಿಯಾಗಿ ಮೊಳೆಯದು. ಇಲ್ಲಿಯ ಬಾಡಿಗೆಯನ್ನು ಚೀಲದ ಲೆಕ್ಕದಲ್ಲಿ ಗೊತ್ತುಮಾಡಿದಲ್ಲಿ ಯಂತ್ರದವನಿಗೆ ಅವಸರ ಸಹಜ. ಆ ಅವಸರದಿಂದ ಜಮೀನುದಾರನಿಗೆ ಒಡೆದ ಕಾಳು, ಕೂಲಿಯವನಿಗೆ ಅಪಾಯ.

7. ಯಂತ್ರವನ್ನು ಕಾಪಾಡುವ ಕ್ರಮ

ಪ್ರತಿದಿನ ಕೆಲಸಕ್ಕೆ ಮುಂಚೆ ಎಂಜಿನು ನಿಂತಿರುವಾಗ ತಿರುಗುದಂಡದ ಕೀಲುಗಳಿಗೂ ಬೇರಿಂಗುಗಳಿಗೂ ಗ್ರೀಸು ಕೊಡಬೇಕು. ಉರುಳೆಯ ಮೊಳೆಗಳ ನಟ್ಟುಗಳನ್ನು ಬಿಗಿ ಮಾಡಬೇಕು. ಒಂದು ಮೊಳೆ ಸವೆದು ಬದಲಾಯಿಸಬೇಕಾದರೆ ಅದರ ಎದುರಿನದನ್ನೂ ಬದಲಾಯಿಸತಕ್ಕದ್ದು; ಇಲ್ಲದಿದ್ದರೆ ತೂಕ ಹೆಚ್ಚುಕಡಿಮೆಯಾಗಿ ಉರುಳೆ ನಡುಗುತ್ತದೆ, ಬೇರಿಂಗು ಬೇಗನೆ ಹಾಳಾಗುತ್ತದೆ. ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ತಗ್ಗಬೇಕು. ಸಡಿಲವಾದರೆ ಜಾರುತ್ತದೆ, ಅತಿ ಬಿಗಿಯಾದರೆ ಹರಿಯುತ್ತದೆ. ದಂಡವನ್ನು ಕಾಪಾಡಲು ಇಟ್ಟಿರುವ, ಭಾರ ಹೆಚ್ಚಾದಾಗ ತಾನೇ ಮುರಿಯುವ ಬೋಲ್ಟಿನ ಬದಲಿಗೆ ಗಟ್ಟಿ ಕಬ್ಬಿಣದ ತುಂಡನ್ನು ಹಾಕಕೂಡದು. ಆ ಬೋಲ್ಟು ಮುರಿಯದಿದ್ದರೆ ಅದಕ್ಕಿಂತ ಬೆಲೆಯುಳ್ಳದ್ದೇ ಮುರಿಯುತ್ತದೆ.

ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯುವಾಗ ತಿರುಗುದಂಡವನ್ನು ಕಳಚಬೇಕು, ಹಿಂಭಾಗಕ್ಕೆ ಹೊಳೆಯುವ ಪಟ್ಟಿ ಅಂಟಿಸಬೇಕು, ಯಂತ್ರದ ಮೇಲೆ ಯಾರನ್ನೂ ಕೂರಿಸಕೂಡದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಯಂಥ ದಾರಿಗಳಲ್ಲಿ ರಾತ್ರಿಯ ಹೊತ್ತು ಈ ಎಚ್ಚರ ಬಹಳ ಮುಖ್ಯ. ಸುಗ್ಗಿ ಮುಗಿದ ಮೇಲೆ ಒಳಗಿನ ಕಾಳು ಹೊಟ್ಟುಗಳನ್ನು ತೆಗೆದು, ಬೆಲ್ಟುಗಳನ್ನು ಬಿಚ್ಚಿ ನೆರಳಿನಲ್ಲಿ ತೂಗುಹಾಕಿ, ಕಬ್ಬಿಣಕ್ಕೆ ಎಣ್ಣೆ ಸವರಿ, ಇಲಿ ಸೇರದ ಕಡೆ ಮುಚ್ಚಿಡತಕ್ಕದ್ದು.

8. ಅಪಘಾತವಾದರೆ

ಮೊದಲು ಎಂಜಿನನ್ನು ನಿಲ್ಲಿಸಬೇಕು. ಸಿಕ್ಕಿಕೊಂಡವರನ್ನು ಬಿಡಿಸಲು ಎಂಜಿನಿನಿಂದ ಉರುಳೆಯನ್ನು ತಿರುಗಿಸಲೇಕೂಡದು. ರಕ್ತ ಸುರಿಯುವ ಕಡೆ ಶುಭ್ರವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಅರಿಸಿನ, ಹೊಗೆಸೊಪ್ಪು, ಸೀಮೆಎಣ್ಣೆ ಯಾವುದನ್ನೂ ಹಚ್ಚಬಾರದು. ತುಂಡಾದ ಬೆರಳನ್ನೋ ಕೈಯನ್ನೋ ಒದ್ದೆ ಮಾಡಿ ಹಿಂಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯೊಳಗಿಟ್ಟು ಗಾಯಾಳುವಿನೊಡನೆಯೇ ಕಳುಹಿಸಬೇಕು. ಮಂಜುಗಡ್ಡೆ ನೇರವಾಗಿ ತಾಗಕೂಡದು. 108ಕ್ಕೆ ಕೂಡಲೇ ದೂರವಾಣಿ ಮಾಡತಕ್ಕದ್ದು.

9. ಮುಖ್ಯಸ್ಥರ ಹೊಣೆ

ರಾಶಿಯಂತ್ರದಂಥ ಅಪಾಯಕರ ಯಂತ್ರಗಳ ವಿಷಯವಾಗಿ 1983ರಲ್ಲಿಯೇ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿತು. ಯಂತ್ರವನ್ನು ನಡೆಸುವ ಕೂಲಿಕಾರರ ಕ್ಷೇಮವೂ, ಅವರಿಗೆ ಮರಣವಾಗಲಿ ಗಾಯವಾಗಲಿ ಸಂಭವಿಸಿದಾಗ ಪರಿಹಾರವೂ ಅದರ ಉದ್ದೇಶಗಳಾಗಿವೆ. ಆದರೆ ಪರಿಹಾರದ ಹಣದಿಂದ ಕೈ ಚಿಗುರುವುದಿಲ್ಲ. ಕಣದಲ್ಲಿ ನಿಂತಿರುವ ಕೂಲಿಯಾಳು “ಈ ಯಂತ್ರ ಸರಿಯಿಲ್ಲ, ನಾನು ಸೂಡು ಹಾಕೆನು” ಎಂದರೆ ಅವನ ಆ ದಿನದ ಕೂಲಿ ಹೋಗುತ್ತದೆ. ಅದೇ ಮಾತನ್ನು ಗೌಡರಾಗಲಿ ಜಮೀನುದಾರರಾಗಲಿ ಹೇಳಿದರೆ ಯಂತ್ರದವನು ಮುಚ್ಚಳ ತಂದು ಹಾಕುತ್ತಾನೆ. ಮಾತು ಒಂದೇ, ಆಡುವವರು ಬೇರೆಯಾದ್ದರಿಂದ ಫಲವೂ ಬೇರೆ.

ಆದುದರಿಂದ ಬರುವ ಸುಗ್ಗಿಗೆ ಮುಂಚೆ ಪ್ರತಿಯೊಂದು ಗ್ರಾಮದಲ್ಲಿಯೂ ಹಿರಿಯರು ಕೂಡಿ, ದಂಡಕ್ಕೆ ಹೊದಿಕೆಯಿಲ್ಲದ, ತೊಟ್ಟಿಗೆ ಮುಚ್ಚಳವಿಲ್ಲದ ಯಂತ್ರವನ್ನು ಊರ ಕಣಕ್ಕೆ ಬಿಡತಕ್ಕದ್ದಲ್ಲವೆಂದೂ, ಬಾಯಿ ಕಟ್ಟಿದಾಗ ಚಾವಿಯ ನಿಯಮವನ್ನು ತಪ್ಪದೆ ನಡೆಸತಕ್ಕದ್ದೆಂದೂ ಗೊತ್ತುಮಾಡಿಕೊಳ್ಳಬೇಕಾಗಿ ವಿನಂತಿ. ಯಂತ್ರದ ಹದ, ಬಿಡಿಭಾಗ ಮೊದಲಾದ ವಿಷಯಗಳಲ್ಲಿ ಸಂದೇಹವಿದ್ದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.